ಹಳೇ ಒಲಿಂಪಿಕ್ ಪದಕ ಕೂಡಿಡುವ ಆಸೆಯೇ? ಚಿನ್ನ ಬಿಡಿ, ಕಂಚು ಹಿಡಿಯಿರಿ

ಬರ್ಲಿನ್‌ನಲ್ಲಿ 1936ರಲ್ಲಿ ಅಮೆರಿಕದ ಓಟಗಾರ ಜೆಸ್ಸಿ ಓವೆನ್ಸ್ ಗೆದ್ದ ನಾಲ್ಕು ಚಿನ್ನದಲ್ಲಿ ಒಂದು 2013ರ ಹರಾಜಿನಲ್ಲಿ 14 ಲಕ್ಷ ಡಾಲರ್‌ಗೂ ಜಾಸ್ತಿಗೆ ಹೋಯಿತು. ಅದು ನಮ್ಮ ಜೇಬಿನ ಮಾತಲ್ಲ. ನಾವು ಹುಡುಕಬೇಕಾದ್ದು ಪಾರ್ಟಿಸಿಪೇಷನ್ ಮೆಡಲ್. ಗೆಲ್ಲಲಿ ಸೋಲಲಿ, ಆಡಲು ಬಂದವರಿಗೆಲ್ಲ, ಜೊತೆಗೆ ಬಂದ ಅಧಿಕಾರಿಗಳಿಗೂ ಕೊಡುತ್ತಿದ್ದ ಪದಕ ಇದು. ಸಾವಿರಗಟ್ಟಲೆ ಮಾಡಿಸಿದ್ದರಿಂದ ಈಗಲೂ ಸಿಗುತ್ತದೆ.

ಮೊದಲು ಒಂದೇ ಒಂದು ಕೂಟ ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ 1948ರ ಲಂಡನ್. ಸ್ವತಂತ್ರ ಭಾರತ ಹಾಕಿಯಲ್ಲಿ ಬ್ರಿಟನ್ನನ್ನೇ ಅವರ ನೆಲದಲ್ಲಿ 4-0ಯಿಂದ ಸೋಲಿಸಿ ಚಿನ್ನ ತಂದ ಕೂಟ ಅದು. ಅದರ ಪಾರ್ಟಿಸಿಪೇಷನ್ ಮೆಡಲ್ ಕಂಚಿನದು, 51 ಮಿ.ಮೀ. ಅಗಲ, ಒಂದು ಮುಖದಲ್ಲಿ ನಾಲ್ಕು ಕುದುರೆಯ ರಥ, ಇನ್ನೊಂದರಲ್ಲಿ ಬಿಗ್ ಬೆನ್ ಗಡಿಯಾರದ ಗೋಪುರ.

ಆಮೇಲೆ ಸ್ವಲ್ಪ ಇತಿಹಾಸ ಓದಿ, ದುಡ್ಡು ಉಳಿಯುತ್ತದೆ. 1896ರ ಅಥೆನ್ಸ್‌ನಲ್ಲಿ ಗೆದ್ದವರಿಗೆ ಕೊಟ್ಟಿದ್ದು ಬೆಳ್ಳಿ, ಚಿನ್ನವಲ್ಲ. ಅಪ್ಪಟ ಚಿನ್ನದ ಪದಕ 1912ರ ಸ್ಟಾಕ್‌ಹೋಮ್‌ಗೇ ಮುಗಿಯಿತು. 'ಲಂಡನ್ 1948, ಗಟ್ಟಿ ಚಿನ್ನ' ಅಂತ ಯಾರಾದರೂ ತೋರಿಸಿದರೆ ನಕ್ಕು ಎದ್ದು ಬನ್ನಿ.

ಪದಕ ಕೈಗೆ ಬಂದಾಗ ಸುಮ್ನೆ ಕಣ್ಣಲ್ಲಿ ನೋಡಿದರೆ ಸಾಲದು. ಅಕ್ಕಸಾಲಿಗರ ಹತ್ತಿರ ಇರುವಂಥ ಸಣ್ಣ ತಕ್ಕಡಿ, ಅಗಲ ಕರಾರುವಾಕ್ಕಾಗಿ ಅಳೆಯಲು ಒಂದು ವರ್ನಿಯರ್ ಕ್ಯಾಲಿಪರ್, ಭೂತಗನ್ನಡಿ ಇಟ್ಟುಕೊಳ್ಳಿ. ಅಸಲಿ ಪದಕವನ್ನು ಅಚ್ಚೊತ್ತಿ ಮಾಡಿರುತ್ತಾರೆ. ನಕಲಿ ಮಾಡುವವರು ಅಸಲಿಯಿಂದಲೇ ಅಚ್ಚು ತೆಗೆದು ಅದಕ್ಕೆ ಲೋಹ ಎರೆಯುತ್ತಾರೆ, ಲೋಹ ಆರುವಾಗ ಕುಗ್ಗುತ್ತದಲ್ವಾ, ಹಾಗಾಗಿ ನಕಲಿ ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದಾಗುತ್ತದೆ. ಕುದುರೆಯ ಕಾಲಿನ ಸಂದಿಯಲ್ಲಿ ಸೂಜಿಮೊನೆಯಂಥ ತೂತು, ಅಂಚಿನಲ್ಲಿ ಅರ ಉಜ್ಜಿದ ಗೆರೆ ಕಂಡರೂ ಬೇಡ. ಹಳೇ ಡಬ್ಬಿ, ಆಟಗಾರರ ಗುರುತಿನ ಚೀಟಿ, ಮನೆಯವರ ಪತ್ರ ಜೊತೆಗಿದ್ದರೆ ನಾಲ್ಕು ಕಾಸು ಜಾಸ್ತಿ ಕೊಡಬಹುದು.

ವಿದೇಶಿ ಹರಾಜಿನಲ್ಲಿ ಕೂಗಿದ ಬೆಲೆಯೇ ಕೊನೆಯಲ್ಲ. ಹರಾಜು ಸಂಸ್ಥೆಯ ಕಮಿಷನ್, ಕೊರಿಯರ್, ಕಸ್ಟಮ್ಸ್ ಸುಂಕ ಎಲ್ಲ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಕೈ ಎತ್ತಿ.

ಮನೆಗೆ ತಂದ ಮೇಲೆ ಪಿವಿಸಿ ಕವರ್‌ಗೆ ಹಾಕಬೇಡಿ, ಹಸಿರು ಅಂಟು ಕಟ್ಟುತ್ತದೆ. ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ, ಮಂಗಳೂರಿನ ಮಳೆಗಾಲವಾದರೆ ಆಗಾಗ ಬದಲಿಸಿ. ತಿಕ್ಕುವ ಕೆಲಸವಂತೂ ಬೇಡವೇ ಬೇಡ. ಆ ಕಂದು ಬಣ್ಣಕ್ಕೇ ಬೆಲೆ. ನನ್ನ ಮೊದಲ ಕಂಚನ್ನು ಮನೆಯ ತಂಬಿಗೆಯ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದ್ದೆ. ಕೊಳ್ಳಲು ಬಂದವರು ಒಮ್ಮೆ ತಿರುಗಿಸಿ ನೋಡಿ, ಕಾಫಿ ಕುಡಿದು ಹೋದರು.