ಡಿಸ್ಕ್ ತಂದರೂ ಜಾಗ ಉಳಿಯೋದಿಲ್ಲ: ಗೇಮ್ ಕಾದಿಡುವ ನನ್ನ ಪದ್ಧತಿ

ಡಿಸ್ಕ್ ಕೊಂಡರೆ ಸ್ಟೋರೇಜ್ ಉಳಿಯುತ್ತದೆ ಎಂಬ ಮಾತು ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೂ ಗಟ್ಟಿಯಾಗಿದೆ. ಸೋನಿಯ ಪ್ಲೇಸ್ಟೇಷನ್ ಕನ್ಸೋಲುಗಳಾದ ಪಿಎಸ್4, ಪಿಎಸ್5 ಎರಡರಲ್ಲೂ ಅದು ತಪ್ಪು. ಡಿಸ್ಕಿನಲ್ಲಿದ್ದದ್ದು ಮೊದಲು ಕನ್ಸೋಲಿನ ಡ್ರೈವಿಗೆ ಇಳಿಯಬೇಕು, ಆಮೇಲೆ ಡಿಸ್ಕ್ ಬರೀ ಬೀಗದ ಕೈ. ಮೊದಲ ಪಿಎಸ್5ರ 825 ಜಿಬಿಯಲ್ಲಿ ಕೈಗೆ ಸಿಗುವುದು ಸುಮಾರು 667 ಜಿಬಿ. ನೂರು ಜಿಬಿಯ ಆರು ಗೇಮ್ ಹಾಕಿದರೆ ಮುಗಿಯಿತು, ಡಿಸ್ಕ್ ಆಗಲಿ ಡೌನ್‌ಲೋಡ್ ಆಗಲಿ.

ಡಿಸ್ಕಿನಿಂದ ಉಳಿಯುವುದು ಎರಡು: ಡೌನ್‌ಲೋಡಿನ ಹೊತ್ತು ಮತ್ತು ಮಾರುವ ಹಕ್ಕು. 100 ಎಂಬಿಪಿಎಸ್ ಫೈಬರ್ ಎಂದರೆ ಸೆಕೆಂಡಿಗೆ 12.5 ಎಂಬಿ, 100 ಜಿಬಿಗೆ ಎರಡೂಕಾಲು ತಾಸು. 40 ಎಂಬಿಪಿಎಸ್ ಇದ್ದರೆ ಐದೂವರೆ ತಾಸು. ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ಪ್ಯಾಕಿನಲ್ಲಿ ಐವತ್ತು ದಿನ. ಹಳ್ಳಿಗಳಲ್ಲಿ ಫೈಬರ್ ಇಲ್ಲದವರು ಕಣ್ಣು ಮುಚ್ಚಿ ಡಿಸ್ಕನ್ನೇ ತರಬೇಕು. ಆದರೆ ಪ್ಯಾಚ್ (ಗೇಮಿನ ತಿದ್ದುಪಡಿ) ಇಳಿಸಿಕೊಳ್ಳಲು ಆಗಾಗ ನೆಟ್ ಬೇಕಾಗುತ್ತದೆ, ಅದನ್ನೂ ಲೆಕ್ಕ ಹಿಡಿಯಿರಿ. ಪಿಸಿ ಗೇಮಿನ ಸೆಕೆಂಡ್‌ಹ್ಯಾಂಡ್ ಡಬ್ಬಿ ಮಾತ್ರ ಬೇಡವೇ ಬೇಡ. ಒಳಗಿನ ಸ್ಟೀಮ್ (ಪಿಸಿ ಗೇಮಿನ ಆನ್‌ಲೈನ್ ಅಂಗಡಿ) ಕೀ ಒಮ್ಮೆ ಒಂದು ಖಾತೆಗೆ ಸೇರಿದರೆ ಇನ್ನೊಬ್ಬರಿಗೆ ಬರುವುದಿಲ್ಲ.

ಜಾಗಕ್ಕೆ ನಾನು ಮಾಡಿಕೊಂಡ ವ್ಯವಸ್ಥೆ ಹೀಗಿದೆ. ಆಡುತ್ತಿರುವ ಗೇಮಿಗೆ ಪಿಎಸ್5ರ ಒಳಗೆ ಕೂರುವ ವೇಗದ ಡ್ರೈವ್, 1 ಟಿಬಿ ಎಂ.2 ಎಸ್‌ಎಸ್‌ಡಿ: 2280 ಅಳತೆ (22 ಮಿ.ಮೀ ಅಗಲ, 80 ಮಿ.ಮೀ ಉದ್ದ), ಪಿಸಿಐಇ ಜೆನ್4, ಓದುವ ವೇಗ ಸೆಕೆಂಡಿಗೆ 5,500 ಎಂಬಿಗೆ ಕಡಿಮೆ ಇಲ್ಲದ್ದು. ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಪಟ್ಟಿ) ಕಡ್ಡಾಯ, ಅದೂ ಸೇರಿ ಒಟ್ಟು ದಪ್ಪ 11.25 ಮಿಲಿಮೀಟರ್ ಮೀರಬಾರದು. ಮೀರಿದರೆ ಮುಚ್ಚಳ ಕೂರುವುದಿಲ್ಲ. ಆಡದೆ ಇಟ್ಟ ಗೇಮಿಗೆ 2 ಟಿಬಿ ಯುಎಸ್‌ಬಿ ಹಾರ್ಡ್‌ಡಿಸ್ಕ್. ಪಿಎಸ್5 ಗೇಮ್ ಅದರಿಂದ ಓಡುವುದಿಲ್ಲ, ಬರೀ ಇಡಬಹುದು. ಪಿಎಸ್4 ಗೇಮ್ ಅಲ್ಲಿಂದಲೇ ಓಡುತ್ತದೆ. ಹೊರಗಿಂದ ಒಳಗೆ ನಕಲಾಗಲು ಹತ್ತಾರು ನಿಮಿಷ ಸಾಕು, ಮತ್ತೆ ಡೌನ್‌ಲೋಡ್ ಮಾಡುವುದಕ್ಕಿಂತ ಎಷ್ಟೋ ಮೇಲು.

ಜನ ಎಡವುವುದು ಇಲ್ಲಿ. ಮೊದಲ ಪಿಎಸ್5ರ ಮುಂದಿನ ಟೈಪ್-ಎ ಪೋರ್ಟಿಗೆ ಹಾರ್ಡ್‌ಡಿಸ್ಕ್ ಚುಚ್ಚುತ್ತಾರೆ. ಅದು ಯುಎಸ್‌ಬಿ 2.0 ವೇಗದ್ದು, ಸ್ಟೋರೇಜ್ ಆಗಿ ಒಪ್ಪುವುದಿಲ್ಲ. ಹಿಂದಿನ ಪೋರ್ಟಿಗೇ ಹಾಕಿ, ನಡುವೆ ಹಬ್ ಬೇಡ. ಕನ್ಸೋಲ್ ಫಾರ್ಮ್ಯಾಟ್ ಕೇಳಿದಾಗ ಡ್ರೈವಿನಲ್ಲಿ ಮದುವೆ ಫೋಟೊ ಇದ್ದರೆ ಅವೂ ಹೋಗುತ್ತವೆ. ಇನ್ನು ಏಪ್ರಿಲ್-ಮೇ ಅಡ್ಡಮಳೆಯಲ್ಲಿ ಗುಡುಗಿದ ಕೂಡಲೇ ಕರೆಂಟ್ ಹೋಗುತ್ತದೆ; ನಕಲಾಗುವಾಗ ಹೋದರೆ ಡೇಟಾ ಕೆಡುವ ಭಯ. 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಕೊಡುತ್ತದೆ, ಪಿಎಸ್5 ಆಡುವಾಗ ಎಳೆಯುವುದು ಸುಮಾರು 200. ಸರಿಯಾಗಿ ಬಂದ್ ಮಾಡುವಷ್ಟು ಹೊತ್ತು ಸಿಗುತ್ತದೆ, ಅಷ್ಟೇ ಬೇಕಾದದ್ದು.

ಪಿಎಸ್4, ಪಿಎಸ್5 ಗೇಮ್ ಬರುವ ಬ್ಲೂ-ರೇ ಡಿಸ್ಕಿನ ಡೇಟಾ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ, ಡಿವಿಡಿಯಲ್ಲಿ 0.6. ಆದ್ದರಿಂದ ಡಿವಿಡಿಗೆ ಮಾಡುವ ಪಾಲಿಶ್, ಟೂತ್‌ಪೇಸ್ಟ್ ಉಪಾಯ ಇದಕ್ಕೆ ನಡೆಯದು, ಮೇಲಿನ ಗಟ್ಟಿ ಲೇಪವೇ ಸವೆಯುತ್ತದೆ. ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತ ತಿರುಗಿಸಬೇಡಿ. ಧಾರವಾಡದ ಜಿಟಿಜಿಟಿ ಮಳೆಗಾಲಕ್ಕೆ ಡಬ್ಬಿಗಳ ಜೊತೆ ಸಿಲಿಕಾ ಜೆಲ್ ಇಡಿ.

ಕಾದಿಡಲು ನಾನು ನಿಜವಾಗಿ ನಂಬುವುದು ಡಿಸ್ಕನ್ನೂ ಅಲ್ಲ, ಸ್ಟೋರ್ ಖಾತೆಯನ್ನೂ ಅಲ್ಲ. ಸದಾ ಆನ್‌ಲೈನ್ ಇರಬೇಕಾದ ‘ದಿ ಕ್ರೂ’ ಗೇಮಿನ ಸರ್ವರ್ 2024ರ ಮಾರ್ಚ್ 31ಕ್ಕೆ ಬಂದ್ ಆದಾಗ ಡಿಸ್ಕ್ ಇದ್ದವರೂ ಆಡದಂತಾದರು. ಖಾಯಂ ಬೇಕೆನಿಸಿದ ಪಿಸಿ ಗೇಮ್ ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಇದ್ದರೆ ಅಲ್ಲೇ ಕೊಳ್ಳುತ್ತೇನೆ. ಅಲ್ಲಿ ಆಫ್‌ಲೈನ್ ಇನ್‌ಸ್ಟಾಲರ್ ಸಿಗುತ್ತದೆ, ನೆಟ್, ಲಾಗಿನ್ ಇಲ್ಲದೆಯೂ ಗೇಮ್ ಹಾಕಿಕೊಳ್ಳಬಹುದು: ಒಂದು ಸೆಟಪ್ ಫೈಲು, ದೊಡ್ಡ ಗೇಮಾದರೆ ಜೊತೆಗೆ 4 ಜಿಬಿ ಆಸುಪಾಸಿನ ಬಿನ್ ಫೈಲುಗಳು. ಒಂದು ಬಿನ್ ತಪ್ಪಿದರೂ ಇನ್‌ಸ್ಟಾಲ್ ನಡುವೆಯೇ ನಿಲ್ಲುತ್ತದೆ, ಎಣಿಸಿ ಇಳಿಸಿ. ಡ್ರೈವ್ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಫಾರ್ಮ್ಯಾಟಿನಲ್ಲಿ ಇರಲಿ. ಫ್ಯಾಟ್32ಕ್ಕೆ ಒಂದು ಫೈಲಿನ ಮಿತಿಯೇ 4 ಜಿಬಿ. ನಂತರ ಸೆವೆನ್-ಜಿಪ್ ತಂತ್ರಾಂಶದಲ್ಲಿ ಪ್ರತಿ ಫೈಲಿನ ಶಾ-256 (ಬೆರಳಚ್ಚಿನಂಥ ಗುರುತು, ಫೈಲು ಕೆಟ್ಟರೆ ಬದಲಾಗುತ್ತದೆ) ತೆಗೆದು ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡುತ್ತೇನೆ.

ಸ್ಟೀಮ್‌ನದು ಬೇರೆ. ‘ಸ್ಟೀಮ್‌ಆ್ಯಪ್ಸ್’ ಒಳಗಿನ ‘ಕಾಮನ್’ ಫೋಲ್ಡರಿನಿಂದ ಗೇಮ್ ಫೋಲ್ಡರ್ ಎತ್ತಿಟ್ಟು, ಬೇಕಾದಾಗ ಅದೇ ಹೆಸರಲ್ಲಿ ಅಲ್ಲೇ ಇಟ್ಟು ಇನ್‌ಸ್ಟಾಲ್ ಒತ್ತಿದರೆ ಸಾಕು. ಇದ್ದ ಫೈಲು ಪರಿಶೀಲಿಸಿ ಬದಲಾದದ್ದನ್ನಷ್ಟೇ ಇಳಿಸುತ್ತದೆ. ಆದರೆ ಖಾತೆಗೆ ಲಾಗಿನ್ ಬೇಕೇ ಬೇಕು, ಹಾಗಾಗಿ ಇದು ಹೊತ್ತು ಉಳಿಸುವ ಉಪಾಯವೇ ಹೊರತು ಕಾದಿಡುವುದಲ್ಲ.

ಜಿಒಜಿ ಇನ್‌ಸ್ಟಾಲರುಗಳ ಎರಡು ಪ್ರತಿ ಬೇರೆ ಬೇರೆ ಹಾರ್ಡ್‌ಡಿಸ್ಕಿನಲ್ಲಿ ಇವೆ, ಒಂದು ಹುಬ್ಬಳ್ಳಿಯಲ್ಲಿ, ಇನ್ನೊಂದು ಧಾರವಾಡದಲ್ಲಿ. ಆರು ತಿಂಗಳಿಗೊಮ್ಮೆ ಎರಡನ್ನೂ ಹಚ್ಚಿ ಶಾ ಪಟ್ಟಿ ಹೋಲಿಸುತ್ತೇನೆ. ಹೊಂದದ ಫೈಲನ್ನು ಇನ್ನೊಂದರಿಂದ ನಕಲು ಮಾಡುತ್ತೇನೆ. ಒಂದೇ ಡ್ರೈವಿನಲ್ಲಿ ಎರಡು ಮೂರು ಫೈಲು ಹೀಗೆ ಬಂದರೆ ಆ ಡ್ರೈವನ್ನು ಅಂದೇ ಬದಲಿಸಬೇಕು.