ದೊಡ್ಡ ಫೈಲು ಗೇಟ್‌ವೇ ಒಳಗೆ ಹಾಯಬೇಕಿಲ್ಲ

ಚಾಕಣದ ಕಾರ್ಖಾನೆಗಳಿಂದ ಮೆಷಿನ್ ತಪಾಸಣೆಯ ಫೋಟೊ, ವಿಡಿಯೊ, ಡ್ರಾಯಿಂಗ್‌ಗಳು ಪುಣೆಯ ಸರ್ವೀಸ್ ತಂಡಕ್ಕೆ ಬರಬೇಕು. ನಮ್ಮ ದಾರಿ: ಅಮೆಜಾನ್ ಕ್ಲೌಡ್ ಎಡಬ್ಲ್ಯುಎಸ್‌ನ ಎಪಿಐ ಗೇಟ್‌ವೇ (ಆ್ಯಪ್ ಕರೆಗಳು ಒಳಬರುವ ಬಾಗಿಲು), ಅದರ ಹಿಂದೆ ಲ್ಯಾಂಬ್ಡಾ (ಕರೆ ಬಂದಾಗ ನಮ್ಮ ಕೋಡ್ ಓಡಿಸುವ ಸೇವೆ), ಕೊನೆಗೆ ಮುಂಬೈ ರೀಜನ್ನಿನ ಎಸ್‌3 ಬಕೆಟ್ (ಫೈಲು ಇಡುವ ಜಾಗ).

ಹಿಂಜವಡಿಯ ನಮ್ಮ ಹುಡುಗರು ಮೊದಲು ಕೇಳುವುದು ಇದನ್ನೇ: "ಸಾರ್, ಗೇಟ್‌ವೇ ಮಿತಿ 10 ಎಂಬಿ ಅಂತಾರಲ್ಲ, 5 ಎಂಬಿ ಫೋಟೊ ಯಾಕ್ ಹೋಗ್ತಿಲ್ಲ?" ಗೇಟ್‌ವೇ ಬಿಟ್ಟರೂ ಲ್ಯಾಂಬ್ಡಾ ಬಿಡುವುದಿಲ್ಲ. ಅದರ ನೇರ ಕರೆಗೆ 6 ಎಂಬಿಯೇ ಮಿತಿ. ಫೋಟೊದಂಥ ಬೈನರಿ ಫೈಲು ಬೇಸ್64 (ಬರೀ ಅಕ್ಷರಗಳ ರೂಪ) ಆಗುವಾಗ ಮೂರನೇ ಒಂದು ಪಾಲು ಉಬ್ಬುತ್ತದೆ, 5 ಎಂಬಿ ಹೋಗಿ 6.7 ಆಗುತ್ತದೆ. ಅಂದರೆ ಕೈಗೆ ಸಿಗುವುದು ಸುಮಾರು 4.5 ಎಂಬಿ ಅಷ್ಟೇ. ಸಾಲದ್ದಕ್ಕೆ ಗೇಟ್‌ವೇಯ ಮಾಮೂಲಿ 29 ಸೆಕೆಂಡಿನ ಟೈಮ್‌ಔಟ್ ಬೇರೆ. ಈ ಮಿತಿಗಳ ಜೊತೆ ಗುದ್ದಾಡುವುದು ವ್ಯರ್ಥ.

ಹಾಗಾಗಿ ಗೇಟ್‌ವೇಗೆ ಫೈಲನ್ನೇ ಕೊಡುವುದು ಬಿಟ್ಟೆವು. ಆ್ಯಪ್ ಫೈಲಿನ ಹೆಸರು, ಗಾತ್ರ, ಬಗೆ ಇಷ್ಟನ್ನೇ ಕಳಿಸುತ್ತದೆ. ಲ್ಯಾಂಬ್ಡಾ ಲಾಗಿನ್ ನೋಡಿ, ಸಹಿ ಹಾಕಿದ ಯುಆರ್‌ಎಲ್ (ಸ್ವಲ್ಪ ಹೊತ್ತು ಮಾತ್ರ ನಡೆಯುವ ಅಪ್‌ಲೋಡ್ ಲಿಂಕ್) ಕೊಡುತ್ತದೆ. ಫೈಲು ನೇರ ಬಕೆಟ್ಟಿಗೆ ಹೋಗುತ್ತದೆ.

ಒಂದೇ ಪುಟ್‌ನಲ್ಲಿ (ಒಂದೇ ಅಪ್‌ಲೋಡ್ ಕರೆಯಲ್ಲಿ) 5 ಜಿಬಿವರೆಗೆ ಕಳಿಸಬಹುದು ಎಂಬುದು ನಿಜ. ಆದರೆ ಫೋನು ವೈಫೈನಿಂದ ಮೊಬೈಲ್ ಡೇಟಾಕ್ಕೆ ಜಿಗಿದರೆ 600 ಎಂಬಿ ವಿಡಿಯೊ ಮತ್ತೆ ಮೊದಲಿನಿಂದ ಶುರು. ಆದ್ದರಿಂದ 100 ಎಂಬಿ ದಾಟಿದರೆ ಮಲ್ಟಿಪಾರ್ಟ್, ಅಂದರೆ ತುಂಡು ತುಂಡಾಗಿ ಕಳಿಸುವುದು. ತುಂಡೊಂದಕ್ಕೆ 16 ಎಂಬಿ ಇಟ್ಟಿದ್ದೇವೆ, 600ಕ್ಕೆ 38 ತುಂಡು. ಕೊನೆಯದನ್ನು ಬಿಟ್ಟು ಯಾವ ತುಂಡೂ 5 ಎಂಬಿಗಿಂತ ಚಿಕ್ಕದಿರಬಾರದು, ಒಟ್ಟು 10,000 ದಾಟಬಾರದು. ಒಂದು ತುಂಡು ಕೈಕೊಟ್ಟರೆ ಅದೊಂದನ್ನೇ ಮತ್ತೆ ಕಳಿಸಿದರಾಯಿತು. ಪ್ರತಿ ತುಂಡಿನ ಉತ್ತರದಲ್ಲಿ ಬರುವ ಇಟ್ಯಾಗ್ (ಆ ತುಂಡಿನ ಗುರುತು) ಜೋಪಾನ, ಕೊನೆಗೆ ಎಲ್ಲವನ್ನೂ ಜೋಡಿಸಲು ಅದೇ ಬೇಕು. ಬ್ರೌಸರಿನಲ್ಲಿ ಇಟ್ಯಾಗ್ ಖಾಲಿ ಬಂದರೆ ಕೋಡ್ ಕೆದಕಬೇಡಿ. ಬಕೆಟ್ಟಿನ ಕಾರ್ಸ್ ನಿಯಮದಲ್ಲಿ (ಬೇರೆ ಸೈಟಿನ ಪುಟಕ್ಕೆ ಏನೇನು ಬಿಡಬೇಕೆಂಬ ನಿಯಮ) ಆ ಹೆಡರ್ ಕಾಣಲು ಅನುಮತಿ ಕೊಟ್ಟಿರುವುದಿಲ್ಲ.

ಹೆಚ್ಚು ಸತಾಯಿಸುವುದು 403, ಅಂದರೆ ಎಸ್‌3 "ಅನುಮತಿ ಇಲ್ಲ" ಎನ್ನುವ ಎರರ್. ಯುಆರ್‌ಎಲ್‌ಗೆ ಸಹಿ ಹಾಕುವಾಗ ಹೇಳಿದ ಕಂಟೆಂಟ್-ಟೈಪೇ (ಫೈಲಿನ ಬಗೆ) ಕಳಿಸುವಾಗಲೂ ಇರಬೇಕು. ಡಿಡಬ್ಲ್ಯುಜಿ ಡ್ರಾಯಿಂಗ್‌ಗೆ ಬ್ರೌಸರು ಎಷ್ಟೋ ಸಲ ಬಗೆಯನ್ನೇ ಹೇಳುವುದಿಲ್ಲ. ಸರ್ವರ್ ಒಂದು ಊಹಿಸುತ್ತದೆ, ಆ್ಯಪ್ ಇನ್ನೊಂದು ಕಳಿಸುತ್ತದೆ, ಸಹಿ ಕೂಡುವುದಿಲ್ಲ. ಈಗ ಬಗೆಯನ್ನು ಸರ್ವರ್ರೇ ನಿರ್ಧರಿಸಿ ಯುಆರ್‌ಎಲ್ ಜೊತೆಗೇ ಕೊಡುತ್ತದೆ. ಇಲ್ಲಿನ ಫೈಲುಗಳಿಗೆ ದೇವನಾಗರಿ ಹೆಸರು ಸಾಮಾನ್ಯ. ಅದನ್ನು ಮೆಟಾಡೇಟಾ ಹೆಡರಿಗೆ (ಫೈಲಿನ ಜೊತೆ ಹೋಗುವ ವಿವರ) ತುರುಕಿದರೂ ಇದೇ ಗೋಳು, ಅಲ್ಲಿ ಆಸ್ಕಿ ಅಕ್ಷರ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ) ಮಾತ್ರ ನಡೆಯುತ್ತದೆ. ಹೆಸರು ಡೇಟಾಬೇಸಿಗೆ, ಬಕೆಟ್ಟಿನೊಳಗಿನ ಹೆಸರು (ಕೀ) ಮಾತ್ರ ಯುಯುಐಡಿ, ಅಂದರೆ ಎಲ್ಲೂ ಪುನರಾವರ್ತನೆಯಾಗದ ಉದ್ದನೆಯ ಗುರುತು.

ಯುಆರ್‌ಎಲ್ ಅವಧಿ 15 ನಿಮಿಷ ಸಾಕು. ಅವಧಿಯೊಳಗೆ ಶುರುವಾದ ಅಪ್‌ಲೋಡ್ ಆಮೇಲೂ ಮುಂದುವರಿಯುತ್ತದೆ, ಮರುಯತ್ನಕ್ಕೆ ಮಾತ್ರ ಹೊಸದು ಬೇಕು. 7 ದಿನದ ಅವಧಿ ಬರೆದರೂ ಸಹಿಗೆ ಬಳಸಿದ ಲ್ಯಾಂಬ್ಡಾದ ತಾತ್ಕಾಲಿಕ ಗುಪ್ತ ಕೀ ಸತ್ತೊಡನೆ ಯುಆರ್‌ಎಲ್ಲೂ ಸಾಯುತ್ತದೆ.

ಆ್ಯಪ್ ಹೇಳಿದ ಗಾತ್ರ ನಂಬಬೇಡಿ, ಫೈಲು ಬಕೆಟ್ಟಿಗೆ ಬಂದ ಮೇಲೆ ಹೆಡ್‌ಆಬ್ಜೆಕ್ಟ್ (ಫೈಲಿನ ವಿವರ ಮಾತ್ರ ಕೇಳುವ ಎಸ್‌3 ಕರೆ) ಕರೆದು ನೋಡಿ. ಅರ್ಧಕ್ಕೆ ನಿಂತ ಮಲ್ಟಿಪಾರ್ಟ್ ತುಂಡುಗಳು ಬಕೆಟ್ಟಿನ ಪಟ್ಟಿಯಲ್ಲಿ ಕಾಣುವುದಿಲ್ಲ, ಬಿಲ್ಲಿನಲ್ಲಿ ಕಾಣುತ್ತವೆ. 3 ದಿನಕ್ಕೆ ಅವನ್ನು ಅಳಿಸುವ ಲೈಫ್‌ಸೈಕಲ್ ನಿಯಮವನ್ನು ಬಕೆಟ್ ಮಾಡಿದ ದಿನವೇ ಹಾಕಿಬಿಡಿ.