ಕೆಮಿಸ್ಟ್ರಿ ಟೀಚರ್‌ಗಳ ಸಮ್ಮೇಳನ ನಡೆಸುವುದು ಹೇಗೆ?

1860ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸುಮಾರು 140 ರಸಾಯನವಿಜ್ಞಾನಿಗಳು ಮೂರು ದಿನ ಸೇರಿದ್ದರು. ಆ ಕಾಲದಲ್ಲಿ ಒಬ್ಬರು ಬರೆದ ಸೂತ್ರ ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ನೀರನ್ನು ಕೆಲವರು ಎಚ್‌ಒ ಎಂದು ಬರೆಯುತ್ತಿದ್ದರು, ಕೆಲವರು ಎಚ್₂ಒ ಎಂದು. ಅಸಿಟಿಕ್ ಆಮ್ಲ ಒಂದಕ್ಕೇ 19 ಬಗೆಯ ಸೂತ್ರಗಳಿದ್ದವು. ಮೂರು ದಿನ ಮಾತಾಡಿದರೂ ಒಮ್ಮತ ಹುಟ್ಟಲಿಲ್ಲ. ಎಲ್ಲರೂ ಹೊರಡುವ ಹೊತ್ತಿಗೆ, ಪರಮಾಣು ತೂಕಗಳ ಬಗ್ಗೆ ಇಟಲಿಯ ಕ್ಯಾನಿಜಾರೊ ಬರೆದಿದ್ದ ಕಿರುಹೊತ್ತಿಗೆಯನ್ನು ಅವರ ಗೆಳೆಯರೊಬ್ಬರು ಹಂಚಿದರು. ಜರ್ಮನಿಯ ರಸಾಯನವಿಜ್ಞಾನಿ ಲೋಥರ್ ಮೇಯರ್ ಅದನ್ನು ಮನೆಗೆ ಮರಳುವ ದಾರಿಯಲ್ಲಿ ಓದಿದರು. ಪರಮಾಣು ತೂಕದ ಗೊಂದಲ ಅವರಿಗೆ ಅಲ್ಲೇ ಬಿಡಿಸಿಕೊಂಡಿತು. ಸಭೆಯಲ್ಲಿದ್ದ ರಷ್ಯಾದ ಮೆಂಡಲೀವ್ ಒಂಬತ್ತು ವರ್ಷಗಳ ನಂತರ ತಮ್ಮ ಆವರ್ತಕ ಕೋಷ್ಟಕ ಪ್ರಕಟಿಸಿದರು.

ಸಮ್ಮೇಳನ ಮಾಡಬೇಕು ಎಂದು ಬಂದವರಿಗೆಲ್ಲ ನಾನು ಮೊದಲು ಹೇಳುವುದು ಈ ಕತೆಯನ್ನೇ. ಬಂದವರು ಹೊರಡುವಾಗ ಅವರ ಚೀಲದಲ್ಲಿ ಏನಿರಬೇಕು? ಅದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಉಳಿದದ್ದನ್ನೆಲ್ಲ ಅಲ್ಲಿಂದ ಹಿಂದಕ್ಕೆ ಯೋಚಿಸುತ್ತಾ ಬನ್ನಿ.

ವಿಷಯ ಹುಡುಕುವುದು

‘ರಸಾಯನವಿಜ್ಞಾನ ಬೋಧನೆ: ಸವಾಲುಗಳು ಮತ್ತು ಸಾಧ್ಯತೆಗಳು’ ಎಂಬ ಹೆಸರಿಟ್ಟರೆ ಯಾರು ಏನು ಬೇಕಾದರೂ ಮಾತಾಡಬಹುದು. ಮಾತಾಡುತ್ತಾರೆ ಕೂಡ. ಅದರ ಬದಲು ಇಪ್ಪತ್ತು ಜನ ಟೀಚರ್‌ಗಳಿಗೆ ಫೋನ್ ಮಾಡಿ, ‘ಯಾವ ಪಾಠ ಬಂದರೆ ನಿಮಗೆ ತಲೆನೋವು?’ ಎಂದು ಕೇಳಿ. ಒಂದಷ್ಟು ಉತ್ತರಗಳು ಮತ್ತೆ ಮತ್ತೆ ಬರುತ್ತವೆ. ಮೋಲ್ (ಅಣು, ಪರಮಾಣುಗಳನ್ನು ಎಣಿಸುವ ಅಳತೆ) ಎಂಬ ಕಲ್ಪನೆ ಮಕ್ಕಳ ತಲೆಗೆ ಹತ್ತುವುದಿಲ್ಲ. ಕುದಿಯುವ ನೀರಿನ ಗುಳ್ಳೆಯಲ್ಲಿ ಹೈಡ್ರೋಜನ್, ಆಕ್ಸಿಜನ್ ಇದೆ ಅಂದುಕೊಳ್ಳುತ್ತಾರೆ; ಇರುವುದು ನೀರಿನ ಆವಿ. ಪರಮಾಣುಗಳ ನಡುವಿನ ಬಂಧ ಮುರಿದಾಗ ಶಕ್ತಿ ಹೊರಬರುತ್ತದೆ ಎಂದು ಬರೆಯುತ್ತಾರೆ. ನಿಜ ತಿರುಗುಮುರುಗು: ಮುರಿಯಲು ಶಕ್ತಿ ಬೇಕು, ಬಂಧ ಕೂಡುವಾಗ ಅದು ಹೊರಬರುತ್ತದೆ. ಇಂಥ ಒಂದು ತೊಡಕನ್ನು ಹಿಡಿದರೂ ಎರಡು ದಿನ ಸಾಲದು.

ರಸಾಯನವಿಜ್ಞಾನದ ಕಲಿಕೆಯನ್ನು ಅಧ್ಯಯನ ಮಾಡಿದ ಅಲೆಕ್ಸ್ ಜಾನ್‌ಸ್ಟನ್ ಹೇಳಿದ ತ್ರಿಕೋನವೂ ಒಳ್ಳೆಯ ವಿಷಯವೇ. ಕಣ್ಣಿಗೆ ಕಾಣುವುದು, ಕಾಣದ ಅಣುಗಳು, ಕಪ್ಪು ಹಲಗೆಯ ಸಂಕೇತಗಳು. ಟೀಚರ್ ಈ ಮೂರರ ನಡುವೆ ಸಲೀಸಾಗಿ ಹಾರುತ್ತಾರೆ, ಮಗು ನಡುವೆಯೇ ಬಿದ್ದುಹೋಗುತ್ತದೆ.

ದಿನಾಂಕ ಮತ್ತು ಜನ

ಒಂಬತ್ತು ತಿಂಗಳ ಮೊದಲೇ ಕೆಲಸ ಶುರು ಮಾಡಿ. ಪರೀಕ್ಷೆ, ಪ್ರಾಕ್ಟಿಕಲ್ಸ್, ಉತ್ತರಪತ್ರಿಕೆ ತಿದ್ದುವ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಹೊಡೆದುಹಾಕಿ ಉಳಿದದ್ದನ್ನು ನೋಡಿ. ಅಕ್ಟೋಬರ್ 23 ಮೋಲ್ ದಿನ. ಆ ಹೊತ್ತಿಗೆ ಬಿಡುವಿದ್ದರೆ ಚೆನ್ನ. ಶಾಲೆ ಮುಖ್ಯಸ್ಥರಿಗೆ ಕೊಡಬೇಕಾದ ಪತ್ರವನ್ನು ನೀವೇ ತಯಾರಿಸಿ ಕಳಿಸಿ. ಎಷ್ಟೋ ಟೀಚರ್‌ಗಳು ಬರದೇ ಇರುವುದು ಮನಸ್ಸಿಲ್ಲದೆ ಅಲ್ಲ, ರಜೆ ಸಿಗದೆ.

ಖರ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಾಗ, ಊಟ, ಸಾಮಗ್ರಿ, ಮುದ್ರಣ ಎಲ್ಲವನ್ನೂ ಬರೆದು ಮೇಲೆ ಹತ್ತನೇ ಒಂದು ಭಾಗ ಸೇರಿಸಿಕೊಳ್ಳಿ. ಪ್ರಾಯೋಜಕರು ಸಿಕ್ಕರೆ ಅವರಿಗೆ ಹೊರಗೆ ಮೇಜು ಕೊಡಿ, ಮೈಕ್ ಬೇಡ.

ಸಭಾಂಗಣಕ್ಕಿಂತ ಮೊದಲು ಲ್ಯಾಬ್ ನೋಡಿ

ಸಾಮಾನ್ಯವಾಗಿ ಸಂಘಟಕರು ಮೊದಲು ಕೇಳುವುದು ಹಾಲ್‌ನಲ್ಲಿ ಎಷ್ಟು ಕುರ್ಚಿ ಇದೆ ಎಂದು. ನೀವು ಮೊದಲು ಲ್ಯಾಬ್‌ಗೆ ಹೋಗಿ. ನಲ್ಲಿ ತಿರುಗಿಸಿ ನೋಡಿ. ಕೆಟ್ಟ ಅನಿಲಗಳನ್ನು ಹೊರಗೆಳೆಯುವ ಫ್ಯೂಮ್ ಹುಡ್ ಸುಮ್ನೆ ಸದ್ದು ಮಾಡುತ್ತದೋ, ನಿಜವಾಗಿ ಗಾಳಿ ಎಳೆಯುತ್ತದೋ? ಕಣ್ಣು ತೊಳೆಯುವ ವ್ಯವಸ್ಥೆ, ಬೆಂಕಿ ನಂದಿಸುವ ಸಿಲಿಂಡರ್, ಎರಡನೇ ಬಾಗಿಲು ಇವೆಯೋ? ಆ ಬಾಗಿಲಿಗೆ ಬೀಗ ಬಿದ್ದಿದ್ದರೆ ಕೀಲಿ ಯಾರ ಹತ್ತಿರ?

ಒಂದು ಲ್ಯಾಬ್‌ಗೆ 24 ಜನ ಸಾಕು. 96 ಜನ ಬಂದರೆ ನಾಲ್ಕು ಗುಂಪು, ನಾಲ್ಕು ಕಾರ್ಯಾಗಾರ, ತಲಾ 75 ನಿಮಿಷ. ಗುಂಪುಗಳು ಸುತ್ತು ಹಾಕುತ್ತಾ ಹೋದರೆ ಐದು ಗಂಟೆಯಲ್ಲಿ ಎಲ್ಲರೂ ಎಲ್ಲವನ್ನೂ ಮಾಡಿ ನೋಡಿರುತ್ತಾರೆ. ನಾಲ್ಕೂ ಕಾರ್ಯಾಗಾರಕ್ಕೆ ಲ್ಯಾಬ್ ಬೇಕಿಲ್ಲ. ಅಣು ಮಾದರಿ ಕಟ್ಟುವುದಕ್ಕೆ, ಪ್ರಶ್ನೆಪತ್ರಿಕೆ ಬರೆಯುವುದಕ್ಕೆ ಕ್ಲಾಸ್‌ರೂಮ್ ಸಾಕು. ಗುಂಪು ಬದಲಾಗುವ ಮೂರು ಸಲವೂ ಹತ್ತು ನಿಮಿಷ ಬಿಡಿ, ಆಗ ಒಟ್ಟು ಐದೂವರೆ ಗಂಟೆ. ಮೇಜು ಒರೆಸಬೇಕಲ್ವಾ?

ಪ್ರಯೋಗ ತೋರಿಸುವ ಪ್ರತಿಯೊಬ್ಬರಿಂದಲೂ ಒಂದು ತಿಂಗಳ ಮೊದಲು ಪಟ್ಟಿ ತರಿಸಿಕೊಳ್ಳಿ. ಯಾವ ರಾಸಾಯನಿಕ, ಎಷ್ಟು ಸಾಂದ್ರತೆ, ಎಷ್ಟು ಪ್ರಮಾಣ, ಕೊನೆಗೆ ಉಳಿಯುವ ತ್ಯಾಜ್ಯ ಯಾವುದು. ಕೊನೆಯದನ್ನು ಬರೆಯಲು ಎಲ್ಲರೂ ಮರೆಯುತ್ತಾರೆ. ಸೀಸ, ಕ್ರೋಮಿಯಂ, ಬೆಳ್ಳಿ ಇರುವ ದ್ರಾವಣಗಳನ್ನು ಸಿಂಕ್‌ಗೆ ಸುರಿಯುವಂತಿಲ್ಲ. ಹೆಸರು ಬರೆದ ಬಾಟಲಿಗಳು ಮೊದಲೇ ಮೇಜಿನ ಮೇಲಿರಬೇಕು. ಹತ್ತು ಮಿಲಿಲೀಟರ್ ಬದಲು ಹತ್ತು ಹನಿಯಲ್ಲಿ ಮುಗಿಯುವ ಪ್ರಯೋಗವಾದರೆ ಖರ್ಚೂ ಕಡಿಮೆ, ತ್ಯಾಜ್ಯವೂ ಕಡಿಮೆ. ರಾಸಾಯನಿಕವನ್ನು ವಿಮಾನದಲ್ಲಿ ಚೀಲಕ್ಕೆ ಹಾಕಿಕೊಂಡು ಬರಬೇಡಿ ಎಂದು ಅತಿಥಿಗಳಿಗೆ ಮೊದಲೇ ಹೇಳಿಬಿಡಿ.

ಒಂದು ಪ್ರಯೋಗವನ್ನಂತೂ ಯಾರು ಕೇಳಿದರೂ ಒಪ್ಪಬೇಡಿ. ಲೋಹದ ಲವಣಗಳಿಗೆ ಬೇಗ ಹೊತ್ತಿಕೊಳ್ಳುವ ಮೆಥನಾಲ್ ಸುರಿದು ತೆರೆದ ಮೇಜಿನ ಮೇಲೆ ಬಣ್ಣಬಣ್ಣದ ಜ್ವಾಲೆ ತೋರಿಸುವುದು. ನೋಡಲು ಸೊಗಸು, ನಿಜ. ಆದರೆ ಆರಿತು ಅಂದುಕೊಂಡು ಮತ್ತೆ ಮೆಥನಾಲ್ ಹಾಕಿದಾಗ ಬೆಂಕಿ ಬಾಟಲಿಗೇ ಹಾರಬಹುದು. ಮಕ್ಕಳು ಸುಟ್ಟುಕೊಂಡ ಘಟನೆಗಳು ನಡೆದಿವೆ. ಇದನ್ನು ನಿಲ್ಲಿಸಿ ಎಂದು ಅಮೆರಿಕನ್ ಕೆಮಿಕಲ್ ಸೊಸೈಟಿ 2014ರಲ್ಲೇ ಹೇಳಿದೆ. ಮರದ ಕಡ್ಡಿಗಳನ್ನು ಲವಣದ ದ್ರಾವಣದಲ್ಲಿ ನೆನೆಸಿ ಬರ್ನರ್‌ಗೆ ಹಿಡಿದರೆ ಅದೇ ಬಣ್ಣಗಳು ಕಾಣುತ್ತವೆ.

ಎರಡು ವಾರ ಮೊದಲು ಎಲ್ಲ ಪ್ರಯೋಗಗಳನ್ನೂ ಅದೇ ಲ್ಯಾಬ್‌ನಲ್ಲಿ ಮಾಡಿ ನೋಡಿ. ನಾನೊಮ್ಮೆ ಇದನ್ನು ಬಿಟ್ಟಿದ್ದೆ. ಸಾಮಗ್ರಿ ಪಟ್ಟಿಯಲ್ಲಿ ಗ್ಲೌಸ್ ಬರೆಯುವುದನ್ನೂ ಮರೆತಿದ್ದೆ. ಆ ದಿನದ ಪ್ರಯೋಗದಲ್ಲಿದ್ದದ್ದು ಸಿಲ್ವರ್ ನೈಟ್ರೇಟ್. ಸಂಜೆ ಗುಂಪು ಫೋಟೊ ತೆಗೆಯುವಾಗ ಅರ್ಧ ಜನ ಕಪ್ಪು ಬೆರಳುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದರು. ಎಷ್ಟು ಉಜ್ಜಿದರೂ ಆ ಕಲೆ ಕೆಲವು ದಿನ ಹೋಗುವುದಿಲ್ಲ.

ಮಾತಿಗೆ ಗಡಿಯಾರ

ಪ್ರಬಂಧಗಳಿಗೆ ಆರು ತಿಂಗಳ ಮೊದಲು ಕರೆ ಕೊಡಿ. ಇನ್ನೂರು ಪದಗಳ ಸಾರಾಂಶ ಸಾಕು. ‘ನಿಮ್ಮ ಕ್ಲಾಸಿನಲ್ಲಿ ಇದನ್ನು ಮಾಡಿದ್ದೀರಾ? ಆಗ ಮಕ್ಕಳು ಏನಂದರು?’ ಎಂಬ ಎರಡು ಪ್ರಶ್ನೆ ಫಾರ್ಮ್‌ನಲ್ಲೇ ಇರಲಿ. ಅದಕ್ಕೆ ಉತ್ತರ ಖಾಲಿ ಬಿಟ್ಟವರನ್ನು ಪೋಸ್ಟರ್‌ಗೆ ಕಳಿಸಿ. ಆಯ್ಕೆಯಾದವರಿಗೆ ಮಾತಿಗೆ 12 ನಿಮಿಷ, ಪ್ರಶ್ನೆಗೆ 8 ನಿಮಿಷ. ಉದ್ಘಾಟನೆ ಇಪ್ಪತ್ತು ನಿಮಿಷ ದಾಟಬಾರದು. ಇದಕ್ಕೆ ಸ್ವಲ್ಪ ಧೈರ್ಯ ಬೇಕು.

ಕೆಟ್ಟುಹೋದ ಪಾಠಗಳಿಗೂ ಒಂದು ಗಂಟೆ ಇಡಿ. ಮೊದಲು ಸಂಘಟಕರೇ ಎದ್ದು ತಮ್ಮ ಎಡವಟ್ಟು ಹೇಳಬೇಕು. ಆಮೇಲೆ ಕೈಗಳು ತಾವಾಗಿ ಏಳುತ್ತವೆ. ಜಾಸ್ತಿ ನಗು ಕೇಳಿಸುವುದು ಆ ಗಂಟೆಯಲ್ಲೇ, ಜಾಸ್ತಿ ನೋಟ್ಸ್ ಬರೆದುಕೊಳ್ಳುವುದೂ ಆಗಲೇ.

ಚೀಲಕ್ಕೆ ಹಾಕುವುದು

ಮುನ್ನೂರು ಪುಟದ ಸಂಚಿಕೆ ಅಚ್ಚು ಹಾಕಿಸಬೇಡಿ. ಪ್ರತಿ ಕಾರ್ಯಾಗಾರಕ್ಕೆ ಒಂದೇ ಹಾಳೆ ಮಾಡಿ. ಒಂದು ಬದಿಯಲ್ಲಿ ಸಾಮಗ್ರಿ, ಅಳತೆ, ಎಚ್ಚರಿಕೆ. ಇನ್ನೊಂದು ಬದಿಯಲ್ಲಿ ಮಕ್ಕಳಿಗೆ ಕೇಳಬೇಕಾದ ಮೂರು ಪ್ರಶ್ನೆ. ರಜೆ ಮುಗಿದ ಮರುದಿನ ಮೊದಲ ಪಿರಿಯಡ್‌ಗೆ ಅದನ್ನು ಹಾಗೇ ಹಿಡಿದುಕೊಂಡು ಹೋಗುವಂತಿರಬೇಕು.

ಆರು ವಾರ ಬಿಟ್ಟು ಬಂದವರಿಗೆಲ್ಲ ಒಂದು ಪತ್ರ ಕಳಿಸಿ: ಏನು ಮಾಡಿ ನೋಡಿದಿರಿ, ಏನು ಕೆಟ್ಟಿತು? ಉದ್ದ ಉತ್ತರ ಬರೆದವರ ಹೆಸರು ಗುರುತು ಹಾಕಿಟ್ಟುಕೊಳ್ಳಿ. ಮುಂದಿನ ಸಲ ಲ್ಯಾಬ್‌ನ ನಲ್ಲಿ ತಿರುಗಿಸಿ ನೋಡಲು ಅವರನ್ನೇ ಕರೆದುಕೊಂಡು ಹೋಗಿ.